ಕ್ಷೀರಪರೀಕ್ಷೆಯ ಪ್ರಾಚೀನತೆಯೂ ಕಲಬುರಗಿ ಸೀಮೆಯ ಹೈನುಗಾರರೂ

ಹಾಲನ್ನು ಅಳೆದು ಕೊಂಡರೆ ಸಾಲದು, ಅದರ ಸಾರವನ್ನೂ ಪರೀಕ್ಷಿಸಬೇಕೆಂಬುದು ನವೀನ ಕಲ್ಪನೆಯೆಂದು ಕೆಲವರು ಭಾವಿಸುವುದುಂಟು, ಅದು ಸಾಧುವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಗೋಽಧ್ಯಕ್ಷ ಪ್ರಕರಣದಲ್ಲಿ 16 ಪ್ರಸ್ಥಗಳ ಒಂದು ದ್ರೋಣ ಆಕಳ ಹಾಲಿಗೆ ಒಂದು ಪ್ರಸ್ಥ ತುಪ್ಪವು ವಿಹಿತವಾಗಿದೆ. ಎಮ್ಮೆಯ ಹಾಲಿಗೆ ಅದರ ಐದನೆಯ ಒಂದು ಪಾಲು ಅಧಿಕ. ಆದರೂ ಕಡೆದು ನೋಡುವುದೇ ಪ್ರಮಾಣವೆಂದೂ, ನೆಲ, ಹುಲ್ಲು, ನೀರುಗಳ ವಿಶೇಷದಿಂದ ಹಾಲುತುಪ್ಪಗಳು ವೃದ್ಧಿಗೊಳ್ಳುವುವೆಂದೂ ಶಾಸ್ತ್ರಕಾರನು ತಿಳಿಸಿರುವನು.

ಕಡೆಗೋಲಿನ ಈ ಕಾರ್ಯವನ್ನು 19ನೆಯ ಶತಮಾನದ ಅಂತ್ಯದಲ್ಲಿ ಸ್ವಿಟ್ಜರ್ಲೆಂಡಿನ ಗರ್ಬರನು ಕಂಡುಹಿಡಿದ ಆಮ್ಲಪರೀಕ್ಷೆಯು ವಹಿಸಿಕೊಂಡಿತು. 2006ರ ಆಹಾರ ಸುರಕ್ಷತಾ ಕಾಯಿದೆಗೆ ಅಧೀನವಾದ ಇಂದಿನ ನಿಯಮಗಳಂತೆ ಆಕಳ ಹಾಲಿನಲ್ಲಿ ನೂರಕ್ಕೆ 3.2ರಷ್ಟು ಜಿಡ್ಡೂ 8.3ರಷ್ಟು ಜಿಡ್ಡಲ್ಲದ ಘನಾಂಶವೂ ಇರತಕ್ಕದ್ದು.

ಮಾನವು ನಾಡಿಗೆಲ್ಲ ಒಂದೇ. ಸಾಧನಗಳಾದರೋ ಏಕಕಾಲದಲ್ಲಿ ದೊರೆತುವಲ್ಲ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಆರಂಭವಾದ ಹೈನು ಯೋಜನೆಯು ಮೊದಲು ದಕ್ಷಿಣದ ಜಿಲ್ಲೆಗಳಿಗೆ ಸೀಮಿತವಾಗಿದ್ದಿತು. 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ಕಲಬುರಗಿ ಸೀಮೆಗೆ ಆ ವ್ಯವಸ್ಥೆಯು ತಡವಾಗಿ ಬಂದಿತು. ಅಲ್ಲಿಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಒಂದೆರಡು ದನ ಕಟ್ಟಿದ ಬಡ ರೈತನಿಗೆ ಜೋಳದ ಕಣಿಕಿ, ತೊಗರಿಯ ಹೊಟ್ಟುಗಳೇ ಮುಖ್ಯವಾದ ಮೇವು. ಸತ್ತ್ವಹೀನವಾದ ಮೇವನ್ನುಂಡ ದನದ ಹಾಲಿನಲ್ಲಿ ಘನಾಂಶವು ಸಹಜವಾಗಿಯೇ ಕುಗ್ಗುವುದು. ಅಂಥ ಹಾಲನ್ನೂ ನೀರು ಬೆರೆತ ಹಾಲನ್ನೂ ಲ್ಯಾಕ್ಟೋಮೀಟರು ಸಮಾನವಾಗಿ ನ್ಯೂನವೆಂದೇ ತೋರಿಸುವುದು. ಹಸಿವಿಗೂ ಕಪಟಕ್ಕೂ ಇರುವ ಭೇದವನ್ನು ಅದು ಅರಿಯದು. ಆದುದರಿಂದ ಪರೀಕ್ಷೆಯೊಡನೆ ಹಸಿಮೇವು, ಶುದ್ಧವಾದ ಪಾತ್ರೆ, ಹಾಲು ಕೆಡದಂತೆ ಬೇಗನೆ ತಂಪುಗೊಳಿಸುವ ಏರ್ಪಾಡು ಇವೂ ಅವನಿಗೆ ಒದಗತಕ್ಕುವು. ನೆಲ, ಹುಲ್ಲು, ನೀರುಗಳನ್ನು ನೋಡದೆ ಹಾಲನ್ನು ಮಾತ್ರ ಅಳೆಯುವುದು ಪ್ರಾಚೀನ ಶಾಸ್ತ್ರಕ್ಕೂ ಸಮ್ಮತವಾದುದಲ್ಲ.