ಮಟಮಟ ಮಧ್ಯಾಹ್ನ ದೀಪ ಹಚ್ಚುವ ಕಾರುಗಳು

"ಕೆನಡಾಕ್ಕಾ? ಹಾಗಾದ್ರೆ ಇರೋ ಕಾರು ಮಾರಿ ಒಂದು ಸುಬಾರು ತಗೊಂಡ್ಬಿಡಿ." ಟೆಕ್ಸಸ್‌ನಿಂದ ಮಾಂಟ್ರಿಯಲ್‌ಗೆ ಹೊರಡುವ ಸುದ್ದಿ ಹೇಳಿದಾಗಲೆಲ್ಲ ನನಗೆ ಸಿಕ್ಕ ಸಲಹೆ ಇದು. ನಮ್ಮದು ಮುಂದಿನ ಎರಡು ಚಕ್ರ ಮಾತ್ರ ಎಳೆಯುವ ಸಾದಾ ಕಾರು. ಸಾಲ ಆಗಷ್ಟೇ ತೀರಿತ್ತು. ಮಾರೋಕೆ ಮನಸ್ಸಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ಎರಡು ವರ್ಷದ ಮಗಳು ಕೂರ್ತಾಳೆ, ಧೈರ್ಯವೂ ಇಲ್ಲ. ಸರಿ, ಹಿಮಕ್ಕೂ ಕಾರಿಗೂ ಇರುವ ನಂಟಿನ ಚರಿತ್ರೆಯನ್ನೇ ಕೆದಕಲು ಕೂತೆ.

ಮೊದಲು ಸುಬಾರು ಕಥೆ. ಜಪಾನಿನ ಮುಖ್ಯ ದ್ವೀಪದ ಉತ್ತರಕ್ಕೆ ತೊಹೊಕು ಅಂತ ಒಂದು ಸೀಮೆ. ಚಳಿಗಾಲ ಬಂತೆಂದರೆ ಹಿಮವೋ ಹಿಮ. ಅಲ್ಲಿನ ವಿದ್ಯುತ್ ಕಂಪನಿಯವರು ಅಂಥಾದ್ದರಲ್ಲೂ ಗುಡ್ಡ ಹತ್ತಿ ತಂತಿ, ಕಂಬ ನೋಡಿಕೊಳ್ಳಬೇಕು. ಅವರ ಹತ್ತಿರ ಜೀಪುಗಳಿದ್ದವು, ಆದರೆ ಒಳಗೆ ಕೂತವರು ನಡುಗುತ್ತಿದ್ದರು. ಜೀಪಿನ ಹಾಗೆ ಹತ್ತಬೇಕು, ಕಾರಿನ ಹಾಗೆ ಬೆಚ್ಚಗಿರಬೇಕು, ಅಂಥ ಗಾಡಿ ಮಾಡಿಕೊಡಿ ಅಂತ 1970ರ ಹೊತ್ತಿಗೆ ಕೇಳಿದರು. ಮಿಯಾಗಿಯ ಸುಬಾರು ಡೀಲರು ಸುಬಾರು 1000 ಕಾರಿನ ಹಿಂದಿನ ಚಕ್ರಗಳಿಗೂ ಶಕ್ತಿ ಹೋಗುವಂತೆ ಮಾಡಿ ಒಂದು ಮಾದರಿ ತಯಾರಿಸಿದರು. ಅದರಿಂದ ಬಂದದ್ದೇ 1972ರ ಲಿಯೋನೆ ಎಸ್ಟೇಟ್ ವ್ಯಾನ್. ಹೆಸರುವಾಸಿ ಆಡಿ ಕ್ವಾಟ್ರೊ ಬಂದದ್ದು ಅದಾಗಿ ಎಂಟು ವರ್ಷಕ್ಕೆ, 1980ರಲ್ಲಿ.

ಹಾಗಾದರೆ ಅದಕ್ಕೂ ಮೊದಲು ಹಿಮದಲ್ಲಿ ಜನ ಹೇಗೆ ಓಡಾಡ್ತಿದ್ದರು? ಉತ್ತರ ಫಿನ್‌ಲ್ಯಾಂಡಿನಲ್ಲಿದೆ. ಈಗ ನೋಕಿಯನ್ ಟೈರ್ಸ್ ಅನ್ನುವ ಕಂಪನಿಯ ಹಿರೀಕರು 1934ರಲ್ಲೇ ಲಾರಿಗಳಿಗೆ ಚಳಿಗಾಲದ ಟೈರು ಮಾಡಿದ್ದರು. 1936ರಲ್ಲಿ ಕಾರುಗಳಿಗೂ ಬಂತು, ಹೆಸರು ಹಕ್ಕಪೆಲಿಟ್ಟ. (ನಾಲಿಗೆ ಹೊರಳದಿದ್ದರೆ ನನ್ನನ್ನು ಬೈಯಬೇಡಿ :)) ಸಾಮಾನ್ಯ ಟೈರಿನ ರಬ್ಬರು ಚಳಿಗೆ ಗಟ್ಟಿಯಾಗಿ ಜಾರುತ್ತೆ. ಈಗಿನ ಚಳಿಗಾಲದ ಟೈರಿನ ರಬ್ಬರು ಮೆತ್ತಗೇ ಉಳಿದು ರಸ್ತೆ ಹಿಡಿಯುತ್ತೆ.

ನಾಲ್ಕು ಚಕ್ರದ ಶಕ್ತಿ ಇದ್ದರೆ ಹಿಮದಲ್ಲಿ ಹೊರಡೋದು, ಏರು ಹತ್ತೋದು ಸುಲಭ, ನಿಜ. ಆದರೆ ನಿಲ್ಲಿಸೋದು? ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೂ ಇದ್ದೇ ಇದೆ. ಕೊನೆಗೆ ಕಾರನ್ನು ಹಿಡಿದು ನಿಲ್ಲಿಸೋದು ಟೈರೇ. ಕ್ವೆಬೆಕ್ ಪ್ರಾಂತ್ಯ 2008ರ ಚಳಿಗಾಲದಿಂದ ಕಡ್ಡಾಯ ಮಾಡಿದ್ದೂ ಟೈರನ್ನೇ, ಫೋರ್ ವೀಲ್ ಡ್ರೈವನ್ನಲ್ಲ. ಈಗ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಆ ಟೈರಿಲ್ಲದೆ ಅಲ್ಲಿನ ಕಾರು ರಸ್ತೆಗೆ ಇಳಿಯುವಂತಿಲ್ಲ.

ಇಷ್ಟು ಓದಿದ ಮೇಲೆ ಹಳೇ ಕಾರೇ ಸಾಕು, ನಾಲ್ಕು ಒಳ್ಳೆ ಟೈರು ಕೊಳ್ಳೋಣ ಅಂತ ಮನೆಯಲ್ಲಿ ಒಪ್ಪಂದವಾಯಿತು. ಉಳಿದದ್ದು ಗಡಿ ದಾಟಿಸುವ ಕೆಲಸ.

ಒಂದು ಕಾಲದಲ್ಲಿ ಅಮೆರಿಕದ ಬಳಸಿದ ಕಾರುಗಳ ಆಮದಿಗೆ ಕೆನಡಾದಲ್ಲಿ ಬಹುಮಟ್ಟಿಗೆ ನಿಷೇಧವಿತ್ತು. ಎರಡು ದೇಶಗಳ ಮುಕ್ತ ವ್ಯಾಪಾರ ಒಪ್ಪಂದದಂತೆ 1989ರಿಂದ ಹಂತ ಹಂತವಾಗಿ ಅದು ಸಡಿಲವಾಯಿತು. ಮೊದಲು ಎಂಟು ವರ್ಷ ಹಳೆಯವು, ಆಮೇಲೆ ಆರು, ಹೀಗೆ ಕೊನೆಗೆ ಎಲ್ಲವೂ. ಈಗ ಬೇಕಾದದ್ದು ಕಾಗದಪತ್ರ: ಹೊರಡುವ 72 ಗಂಟೆ ಮೊದಲೇ ಅಮೆರಿಕದ ಕಸ್ಟಮ್ಸ್‌ಗೆ ಟೈಟಲ್ ಕೊಡಬೇಕು, ರೀಕಾಲ್ ರಿಪೇರಿ ಬಾಕಿ ಇಲ್ಲ ಅಂತ ಪತ್ರ ಬೇಕು. ಆಮೇಲೆ ತಪಾಸಣೆ.

ತಪಾಸಣೆಯ ಪಟ್ಟಿಯಲ್ಲಿ ನನಗೆ ವಿಚಿತ್ರ ಅನ್ನಿಸಿದ್ದು ಹಗಲು ದೀಪ. 1989ರ ಡಿಸೆಂಬರ್‌ನಿಂದೀಚೆ ತಯಾರಾದ ಕಾರಾದರೆ ಹಗಲಲ್ಲೂ ಮುಂದಿನ ದೀಪ ತಾನಾಗಿ ಉರಿಯಬೇಕು. ಅಮೆರಿಕದಲ್ಲಿ ಈ ಕಡ್ಡಾಯವಿಲ್ಲ. ಟೆಕ್ಸಸ್ ಬಿಸಿಲಲ್ಲಿ ಹಗಲು ದೀಪ ಹಚ್ಚಿದರೆ ಜನ ನಕ್ಕಾರು! ಆದರೆ ಉತ್ತರದ ಚಳಿಗಾಲದಲ್ಲಿ ಸೂರ್ಯ ಮೇಲೇರುವುದೇ ಕಡಿಮೆ, ಹಿಮ ಸುರಿದರೆ ಎದುರಿನ ಗಾಡಿ ಕಾಣದು. ಹಾಗಾಗಿ ಫಿನ್‌ಲ್ಯಾಂಡ್ 1972ರಲ್ಲೇ ಚಳಿಗಾಲದಲ್ಲಿ ಊರಾಚೆ ರಸ್ತೆಗಳಲ್ಲಿ ಇದನ್ನು ಕಡ್ಡಾಯ ಮಾಡಿತು, ಸ್ವೀಡನ್ 1977ರಲ್ಲಿ ವರ್ಷವಿಡೀ. ನಮ್ಮ ಕಾರಿನಲ್ಲಿ ಆ ಸೌಲಭ್ಯ ಇತ್ತು, ಆದರೆ ಆಫ್ ಆಗಿತ್ತು. ಗ್ಯಾರೇಜಿನವರು ಕಂಪ್ಯೂಟರ್ ಜೋಡಿಸಿ ಆನ್ ಮಾಡಿಕೊಟ್ಟರು.

ಹಿಮದೂರಿಗೆ ಹೊರಡುವವರಿದ್ದರೆ ನನ್ನದೂ ಒಂದು ಸಲಹೆ. ಮೊದಲು ಟೈರಿಗೆ ದುಡ್ಡು ತೆಗೆದಿಡಿ, ಆಮೇಲೆ ಕಾಗದಪತ್ರ ಹೊಂದಿಸಿ. ಆಮೇಲೂ ದುಡ್ಡು ಉಳಿದರೆ ಸುಬಾರು ಎಲ್ಲಿಗೂ ಓಡಿಹೋಗಲ್ಲ.