ಕುಡ ಹಣಿಯುವಾಗ ಕಬ್ಬಿಣದೊಳಗೆ ಏನಾಗುತ್ತದೆ?

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿ ಎಂದೊಡನೆ ನೆನಪಾಗುವುದು ಕಾಂತೇಶನ ಗುಡಿ ಮತ್ತು ಕೆಂಪು ಮೆಣಸಿನಕಾಯಿ. ಅಂಥ ಮೆಣಸಿನ ಹೊಲದಲ್ಲಿ ಎಡೆ ಹೊಡೆಯುವ ಕುಂಟೆಯ ಕುಡ ಸವೆದರೆ ಅದು ಕಮ್ಮಾರನ ಕುಲುಮೆ ಸೇರುತ್ತದೆ. ತಿದಿಯ ಗಾಳಿಗೆ ಕೆಂಪಾದ ಕುಡವನ್ನು ಅಡಿಗಲ್ಲಿನ ಮೇಲಿಟ್ಟು ಹಣಿದರೆ ಅದು ಕಲ್ಲಿನಂತೆ ಚೂರಾಗುವುದಿಲ್ಲ. ತೆಳುವಾಗಿ ಹರಡಿ ಹೊಸ ಬಾಯಿ ಪಡೆಯುತ್ತದೆ. ಇದಕ್ಕೆ ಮುಖ್ಯ ಕಾರಣ ಲೋಹದೊಳಗಿನ ಪದರಗಳ ಜಾರುವಿಕೆ.

ಪದರದ ಮೇಲೆ ಪದರ

ಕಬ್ಬಿಣದ ತುಂಡೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳ ರಾಶಿ. ಪ್ರತಿ ಹರಳಿನಲ್ಲೂ ಪರಮಾಣುಗಳು ಸಾಲುಗಟ್ಟಿ, ಪದರಗಟ್ಟಿ ಕೂತಿರುತ್ತವೆ. ಬಲ ಸಾಕಷ್ಟಾದಾಗ ಒಂದು ಪದರ ಇನ್ನೊಂದರ ಮೇಲೆ ಸರಿದು ಮುಂದಿನ ಪರಮಾಣುವಿನ ಜಾಗದಲ್ಲಿ ಕೂರುತ್ತದೆ. ಆಕಾರ ಬದಲಾಯಿತು, ಆದರೆ ಒಳಗಿನ ಜೋಡಣೆ ಮೊದಲಿನಂತೆಯೇ ಉಳಿಯಿತು. ಹಾಗಾಗಿ ಲೋಹ ಮುರಿಯುವುದಿಲ್ಲ. ಪರಮಾಣುಗಳು ಹೆಚ್ಚು ಒತ್ತಾಗಿರುವ ಪದರ, ಹೆಚ್ಚು ಒತ್ತಾಗಿರುವ ದಿಕ್ಕು, ಇವೇ ಸಾಮಾನ್ಯವಾಗಿ ಜಾರುವ ದಾರಿಗಳು. ಎಳೆತಕ್ಕೆ 45 ಡಿಗ್ರಿ ಓರೆಯಾಗಿರುವ ಪದರದ ಮೇಲೆ ಜಾರಿಸುವ ಬಲ ಅತಿ ಹೆಚ್ಚು.

ವಿಜ್ಞಾನಿಗಳಾದ ಯೂಯಿಂಗ್ ಮತ್ತು ರೋಸೆನ್‌ಹೈನ್ ಇದನ್ನು 1899ರ ಸುಮಾರಿಗೆ ಸೂಕ್ಷ್ಮದರ್ಶಕದಲ್ಲಿ ಕಂಡರು. ಹೊಳಪು ಕೊಟ್ಟ ಲೋಹವನ್ನು ಎಳೆದಾಗ ಮೇಲ್ಮೈಯಲ್ಲಿ ಗೆರೆಗಳೆದ್ದವು. ಅವು ಬಿರುಕುಗಳಲ್ಲ, ಜಾರಿದ ಪದರಗಳ ಮೆಟ್ಟಿಲುಗಳು.

ಜಮಖಾನದ ಸುಕ್ಕು

1926ರಲ್ಲಿ ವಿಜ್ಞಾನಿ ಫ್ರೆಂಕೆಲ್, ಇಡೀ ಪದರವನ್ನು ಒಮ್ಮೆಗೇ ಜಾರಿಸಲು ಎಷ್ಟು ಬಲ ಬೇಕೆಂದು ಲೆಕ್ಕ ಹಾಕಿದರು. ಶುದ್ಧ ಲೋಹದ ಹರಳು ನಿಜವಾಗಿ ಬಾಗಲು ಬೇಕಾದ ಬಲಕ್ಕಿಂತ ಆ ಉತ್ತರ ಸಾವಿರಾರು ಪಟ್ಟು ದೊಡ್ಡದಾಗಿತ್ತು. 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಮೂವರೂ ಬೇರೆಬೇರೆಯಾಗಿ ಒಗಟು ಬಿಡಿಸಿದರು: ಪದರ ಒಟ್ಟಿಗೆ ಜಾರುವುದೇ ಇಲ್ಲ.

ಹಾಸಿದ ನವಲಗುಂದ ಜಮಖಾನವನ್ನು ಒಂದು ಗೇಣು ಸರಿಸಬೇಕೆನ್ನಿ. ಪೂರ್ತಿ ಎಳೆದರೆ ಕೈ ಸೋಲುತ್ತದೆ. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಅದನ್ನೇ ಆಚೆ ತುದಿಗೆ ತಳ್ಳುತ್ತ ಹೋದರೆ ಹಗುರವಾಗಿ ಸರಿಯುತ್ತದೆ. ಹರಳಿನ ಜೋಡಣೆಯಲ್ಲಿರುವ ಇಂಥ ಸುಕ್ಕಿಗೆ ಡಿಸ್‌ಲೊಕೇಶನ್ ಎಂದು ಹೆಸರು. ಲೋಹ ಮಣಿಯುವುದು ಈ ದೋಷದಿಂದಲೇ. ಇಡೀ ಲೋಹಶಾಸ್ತ್ರದಲ್ಲಿ ನನಗೆ ಅತ್ಯಂತ ಸುಂದರವೆನಿಸುವ ಮಾತು ಇದು. 1956ರಲ್ಲಿ ಕೇಂಬ್ರಿಜ್‌ನಲ್ಲಿ ಈ ಸುಕ್ಕುಗಳು ಚಲಿಸುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವಿಜ್ಞಾನಿಗಳು ಕಣ್ಣಾರೆ ಕಂಡರು.

ಬಿದರಿಯಲ್ಲಿ ಎರಡು ಲೋಹ

ಬೀದರಿನ ಬಿದರಿ ಕಲೆಯಲ್ಲಿ ಪಾತ್ರೆಯ ಮೈ ಸತುವಿನದು, ಜೊತೆಗೆ ತುಸು ತಾಮ್ರ. ಅದನ್ನು ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ, ಬಡಿದು ಮಾಡುವುದಿಲ್ಲ. ಕೆತ್ತಿದ ಗೀರಿನೊಳಕ್ಕೆ ಬೆಳ್ಳಿಯ ತಂತಿಯನ್ನು ಮಾತ್ರ ಬಡಿದು ಕೂರಿಸುತ್ತಾರೆ. ಬೆಳ್ಳಿಯ ಹರಳಿನಲ್ಲಿ ಜಾರುವ ದಾರಿಗಳು 12. ಸತುವಿನ ಆರು ಮೂಲೆಯ ಹರಳಿನಲ್ಲಿ ಸುಲಭದ ದಾರಿಗಳು ಮೂರೇ, ಅವೂ ಒಂದೇ ಪದರದ ಮೇಲೆ. ತಣ್ಣಗಿರುವ ಎರಕದ ಸತುವನ್ನು ಜೋರಾಗಿ ಬಡಿದರೆ ಬಿರಿಯುತ್ತದೆ. 100ರಿಂದ 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಬೇರೆ ದಾರಿಗಳೂ ತೆರೆದು ಅದೇ ಸತು ತಗಡಾಗುತ್ತದೆ.

ಮತ್ತೆ ಮತ್ತೆ ಬೆಂಕಿಗೆ

ತಣ್ಣನೆಯ ಲೋಹವನ್ನು ಬಡಿದಷ್ಟೂ ಸುಕ್ಕುಗಳು ಹುಟ್ಟುತ್ತವೆ. ಕಾಯಿಸಿ ಮೆದುವಾಗಿಸಿದ ಲೋಹದ ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 10 ಲಕ್ಷದಿಂದ 10 ಕೋಟಿ ಇದ್ದವು, ಚೆನ್ನಾಗಿ ಬಡಿದ ಮೇಲೆ 10 ಸಾವಿರ ಕೋಟಿಯನ್ನೂ ಮುಟ್ಟುತ್ತವೆ. ಒಂದಕ್ಕೊಂದು ಸಿಕ್ಕುಬಿದ್ದು ದಾರಿ ಕಟ್ಟುತ್ತವೆ. ಲೋಹ ಗಡುಸಾಗುತ್ತದೆ, ಇನ್ನೂ ಬಡಿದರೆ ಅಂಚು ಸೀಳುತ್ತದೆ. ಕೆಂಪು ಆರಿದೊಡನೆ ಕಮ್ಮಾರ ಕೈ ತಡೆದು ಕುಡವನ್ನು ಮತ್ತೆ ಕೆಂಡಕ್ಕೆ ಇಡುವುದು ಇದಕ್ಕೇ. ಬಿಸಿಯಲ್ಲಿ ಆ ಸಿಕ್ಕು ಬಿಡಿಸಿಕೊಂಡು ಹೊಸ ಹರಳುಗಳು ಮೂಡುತ್ತವೆ. ಶುದ್ಧ ಕಬ್ಬಿಣವಾದರೆ 912 ಡಿಗ್ರಿ ದಾಟಿದಾಗ ಬೆಳ್ಳಿಯದೇ ಜೋಡಣೆಗೆ ಹೊರಳುತ್ತದೆ.

ಮನೆಯಲ್ಲಿ ಕಬ್ಬಿಣದ ತಂತಿಯ ತುಂಡಿದ್ದರೆ ಒಂದೇ ಜಾಗದಲ್ಲಿ ನಾಲ್ಕಾರು ಸಲ ಅತ್ತಿತ್ತ ಬಗ್ಗಿಸಿ, ಆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ. ಬೆಚ್ಚಗಿರುತ್ತದೆ. ಪದರಗಳನ್ನು ಜಾರಿಸಲು ನೀವು ಹಾಕಿದ ಶ್ರಮದ ಬಹುಪಾಲು ಶಾಖವಾಗಿರುತ್ತದೆ.