ಒಲಿ ಬದಲಾದ್ರ ಬೋಗುಣಿ ಗತಿ?

ಇಂಡಕ್ಷನ್ ಒಲಿ ಮ್ಯಾಲೆ ಅಲ್ಯೂಮಿನಿಯಂ ಬೋಗುಣಿ ಕಾಯಂಗಿಲ್ಲ, ಹೌದಲ್ರಿ? ಬೋಗುಣಿ ಕೆಟ್ಟಿರಂಗಿಲ್ಲ, ಒಲಿ ಬ್ಯಾರೆ. ಕಂಪ್ಯೂಟರಿನೊಳಗಿನ ವಾದ್ಯಗಳ ಇತಿಹಾಸಾನೂ ಹಿಂಗ ಅದ.

1996ರಾಗ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ವಿಎಸ್‌ಟಿ ಅನ್ನೋ ಪದ್ಧತಿ ತಂತು. 1999ರಾಗ ಅದರೊಳಗ ವಾದ್ಯಗಳೂ ಬಂದ್ವು. ಪಿಯಾನೋ, ಪಿಟೀಲು ಎಲ್ಲಾ ಬರೇ ಸಾಫ್ಟ್‌ವೇರ್. ಆದ್ರ ಅವು ಒಂದು ಜಾತಿ ಪ್ರೊಸೆಸರಿಗೆ ತಿಳಿಯೋ ಭಾಷಾದಾಗ ಇರ್ತಾವ.

ಆಪಲ್ ಕಂಪನಿ 2006ರಾಗ ಪವರ್‌ಪಿಸಿ ಬಿಟ್ಟು ಇಂಟೆಲ್ ಹಿಡೀತು. 2020ರ ನವೆಂಬರದಾಗ ಇಂಟೆಲ್ ಬಿಟ್ಟು ತಂದೇ ಎಂ1 ತಂತು. ಎರಡೂ ಸಲ ಹಳೇದು ನಡೀಲಿ ಅಂತ ರೊಸೆಟ್ಟಾ ಅನ್ನೋ ದುಭಾಷಿಯನ್ನ ಕೊಟ್ಟಿತು. ಇಂಡಕ್ಷನ್ ಮ್ಯಾಲೆ ಕಬ್ಬಿಣದ ಹಂಚಿಟ್ಟು, ಅದರ ಮ್ಯಾಲೆ ಬೋಗುಣಿ ಇಟ್ಟಂಗ: ಕಾಯ್ತದ, ಆದ್ರ ಒಂದಿಷ್ಟು ಶಕ್ತಿ ನಡುವ ಹೋಗ್ತದ.

ತೊಡಕು ಏನಂದ್ರ, ಒಂದ ಪ್ರೋಗ್ರಾಮಿನೊಳಗ ಎರಡು ಭಾಷಾ ಕೂಡಂಗಿಲ್ಲ. ವಾದ್ಯ ಇಂಟೆಲ್‌ದಿದ್ರ, ಅದನ್ನ ನುಡಸೋ ದೊಡ್ಡ ಪ್ರೋಗ್ರಾಮನ್ನೂ ಬಹಳ ಕಡೆ ರೊಸೆಟ್ಟಾದಾಗನ ತೆರೀಬೇಕಾತು. ಆ ದುಭಾಷಿನೂ ಕಾಯಂ ಇರಂಗಿಲ್ಲ. ಮೊದಲನೇ ರೊಸೆಟ್ಟಾ 2011ರ ಲಯನ್ ಆವೃತ್ತಿಯೊಳಗ ಹೋಗೇ ಬಿಟ್ಟಿತು.

ಇದು ನಮಗ್ಯಾಕ ಅಂತೀರೇನು? ಹಿಂಗ ಕೂಡಿಸಿದ ಹಾಡಿನ ಫೈಲಿನಾಗ ವಾದ್ಯದ ಧ್ವನಿ ಇರಂಗಿಲ್ಲ, ಯಾವ ಸ್ವರ, ಯಾವಾಗ ಅನ್ನೋ ಚೀಟಿ ಇರ್ತದ. ವಾದ್ಯ ತೆರೀಲಿಲ್ಲಂದ್ರ ಹಾಡು ಮೂಕ. ಹಾಡು ಕಟ್ಟೋ ಮಕ್ಕಳು ಮನ್ಯಾಗಿದ್ರ ಹೇಳ್ರಿ ಅಕ್ಕಂದಿರ: ಹೊಸ ಕಂಪ್ಯೂಟರ್ ತರೂಕಿಂತ ಮೊದಲ ಒಂದೊಂದು ವಾದ್ಯದ ಧ್ವನಿ ಬ್ಯಾರೆ ಬ್ಯಾರೆ ರೆಕಾರ್ಡ್ ಮಾಡಿ ಇಟ್ಕೋರಿ. ಅದಕ್ಕ ಯಾವ ದುಭಾಷಿನೂ ಬೇಕಾಗಂಗಿಲ್ಲ.